ಅಗ್ಗಕ್ಕೆ ಸಿಕ್ಕ ಆಕ್ಟೇವಿಯಾ: ಅಡ್ವಾನ್ಸ್ ಕೊಡುವ ಮುನ್ನ ಇಷ್ಟು ನೋಡಿ

ಸಾಂಗ್ಲಿ, ಮಿರಜ್ ಕಡೆಯ ಎಂಎಚ್ 10 ನಂಬರಿನ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಕಡಿಮೆ ರೇಟಿಗೆ ಇದೆ ಎಂದರೆ ಯಾವ ಯುವಕನಿಗೂ ಆಸೆಯಾಗುತ್ತದೆ. 1.8 ಟಿಎಸ್‌ಐ ಪೆಟ್ರೋಲ್ ಎಂಜಿನ್‌ಗೆ 180 ಅಶ್ವಶಕ್ತಿ, ಓಡಿಸಲು ಖುಷಿಯೇ. ಆದರೆ ಹಳತಾದಂತೆ ಇಳಿಯುವುದು ಗಾಡಿಯ ರೇಟು ಮಾತ್ರ; ಬಿಡಿಭಾಗದ ರೇಟು ಇಳಿಯುವುದಿಲ್ಲ.

ಮೊದಲು ಗೇರ್‌ಬಾಕ್ಸ್ ನೋಡಬೇಕು. ಇದರ 7 ಸ್ಪೀಡಿನ ಡಿಎಸ್‌ಜಿಯಲ್ಲಿ ಎರಡು ಡ್ರೈ ಕ್ಲಚ್‌ಗಳಿವೆ. ಟ್ರಾಫಿಕ್‌ನಲ್ಲಿ ನಿಧಾನ ಹೋಗುವಾಗ ಗಾಡಿ ನಡುಗಿದರೆ ಕ್ಲಚ್ ಸವೆದಿರಬಹುದು. ಗೇರ್ ಬೀಳದೆ ಎಚ್ಚರಿಕೆ ದೀಪ ಮಿನುಗಿದರೆ ಮೆಕಾಟ್ರಾನಿಕ್ ಯೂನಿಟ್ ಮೇಲೆ ಸಂಶಯ. ಅದನ್ನು ಹೊಸದು ಹಾಕಿಸಿದರೆ ಖರ್ಚು ಲಕ್ಷ ದಾಟುತ್ತದೆ. ಕೂಲಂಟ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ವಾಟರ್ ಪಂಪ್ ಹತ್ತಿರ ಸೋರಿಕೆ ಇದೆಯೇ ನೋಡಿಸಿ. ಹಾಗೇ ಓಡಿಸಿದರೆ ಎಂಜಿನ್ ಬಿಸಿಯಾಗಿ ಹೆಡ್ ಹಾಳಾಗಬಹುದು.

ಇನ್ನೊಂದು ನೆರೆ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಕೃಷ್ಣಾ ನದಿ ಉಕ್ಕಿ ಸಾಂಗ್ಲಿಯೊಳಗೆ ನೀರು ನುಗ್ಗಿತ್ತು. ಅಲ್ಲಿನ ಎಲ್ಲ ಗಾಡಿಗಳೂ ಮುಳುಗಿದವಲ್ಲ. ಆದರೂ ಕಾರ್ಪೆಟ್ ಎತ್ತಿ ಕೆಸರು, ಸೀಟಿನ ಅಡಿಯ ತುಕ್ಕು ನೋಡಿ. ಸೀಟ್‌ಬೆಲ್ಟ್ ಪೂರ್ತಿ ಎಳೆದು ಕಲೆ ಹುಡುಕಿ. ವಯರಿಂಗ್‌ಗೆ ಹೊಕ್ಕ ನೀರಿನ ತೊಂದರೆ ತಿಂಗಳುಗಳ ನಂತರವೂ ಕಾಣಿಸಬಹುದು.

ಸ್ಕ್ಯಾನರ್ ಇರುವ ಮೆಕ್ಯಾನಿಕ್‌ಗೆ ತೋರಿಸಿ, ಸರ್ವಿಸ್ ಮತ್ತು ಇನ್ಶೂರೆನ್ಸ್ ಕ್ಲೇಮ್ ದಾಖಲೆ ಕೇಳಿ. ಊರಿಗೆ ತರಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯನ್ನೂ ಲೆಕ್ಕ ಹಾಕಬೇಕು.

ಗಾಡಿ ವ್ಯಾಪಾರ ಮಾಡುವವರಿಗೂ ಒಂದು ಮಾತು: ದೋಷ ಮುಚ್ಚಿಟ್ಟು ಮಾರುವುದು ಇಸ್ಲಾಮಿನಲ್ಲಿ ನಿಷಿದ್ಧ. ನೀರು ಹೊಕ್ಕ ಗಾಡಿಯಾದರೆ ಹೇಳಿಯೇ ಮಾರಿ.