ಮುಕ್ತ ತಂತ್ರಾಂಶವೂ ವ್ಯಾಖ್ಯಾನಕಾರ್ಯವೂ

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಇದರ ನಿರ್ಮಾಣದಲ್ಲಿ ವಿದ್ಯಾರ್ಥಿಗಳನ್ನು ಅನುಭವಸ್ಥರ ಕೈಕೆಳಗೆ ಪಳಗಿಸುವ ಯೋಜನೆಗಳು ಹಲವುಂಟು. ಅವುಗಳಲ್ಲಿ ಗೂಗಲ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಸಮ್ಮರ್ ಆಫ್ ಕೋಡ್’ ಸುಪ್ರಸಿದ್ಧವಾದುದು. ಹೆಸರೇ ಸೂಚಿಸುವಂತೆ ಅಲ್ಲಿ ಕೋಡಿಗೇ ಪ್ರಾಧಾನ್ಯ. ಕೈಪಿಡಿಯೊಂದನ್ನೇ ಬರೆದುಕೊಡುವೆನೆಂದು ಬಂದವನಿಗೆ ಪ್ರವೇಶವಿಲ್ಲ. ಈ ನಿರ್ಬಂಧವು ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ.

ಪೂರ್ವಪಕ್ಷವು ಹೀಗಿರುವುದು: ಕೋಡಿನ ಗುಣದೋಷಗಳನ್ನು ಯಂತ್ರದಲ್ಲಿ ನಡೆಯಿಸಿ ನಿರ್ಣಯಿಸಬಹುದು, ಬರಹಕ್ಕೆ ಅಂತಹ ಒರೆಗಲ್ಲಿಲ್ಲ. ಮೇಲಾಗಿ, ತಂತ್ರಾಂಶವನ್ನು ಕಟ್ಟಿದವನಿಗಿಂತ ಚೆನ್ನಾಗಿ ಅದನ್ನು ವಿವರಿಸಬಲ್ಲವರು ಯಾರು?

ಇದಕ್ಕೆ ಸಮಾಧಾನವುಂಟು. ಕೈಪಿಡಿಯನ್ನು ಹೊಸಬನೊಬ್ಬನ ಕೈಗಿತ್ತು, ಬಾಯಿಮಾತಿನ ನೆರವಿಲ್ಲದೆ ತಂತ್ರಾಂಶವನ್ನು ಸ್ಥಾಪಿಸೆಂದು ಹೇಳಿದರೆ, ಅವನು ಎಲ್ಲೆಲ್ಲಿ ಮುಗ್ಗರಿಸುವನೋ ಅಲ್ಲಲ್ಲಿ ಬರಹದ ದೋಷವು ವ್ಯಕ್ತವಾಗುವುದು. ಇದೇ ಒರೆಗಲ್ಲು. ಇನ್ನು, ಕಟ್ಟಿದವನಿಗೆ ಎಲ್ಲವೂ ಅತಿಪರಿಚಿತವಾದುದರಿಂದ ಹೇಳಲೇಬೇಕಾದುದು ಅವನಿಗೆ ಹೊಳೆಯದೆ ಹೋಗುವುದುಂಟು. ಈಗತಾನೆ ಕಲಿಯುತ್ತಿರುವ ವಿದ್ಯಾರ್ಥಿಗೆ ಅದು ಮೊದಲು ಕಾಣುವುದು. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನ ವಾರ್ತಿಕವೂ ಪತಂಜಲಿಯ ಮಹಾಭಾಷ್ಯವೂ ಒದಗಿದ ಮೇಲಲ್ಲವೇ ಅವುಗಳ ಆಶಯವು ವಿಶದವಾದುದು? ಸೂತ್ರವನ್ನು ರಚಿಸಲಿಲ್ಲವೆಂದು ಭಾಷ್ಯಕಾರನನ್ನು ಯಾರೂ ವೈಯಾಕರಣರ ಪಂಕ್ತಿಯಿಂದ ಹೊರಗಿಡಲಿಲ್ಲ.

ಈ ತತ್ತ್ವವನ್ನು ಮನಗಂಡ ಯೋಜನೆಗಳೂ ಇವೆ. ಗ್ನೋಮ್ ಸಮುದಾಯವು 2006ರಲ್ಲಿ ಸ್ತ್ರೀಯರಿಗಾಗಿ ನಡೆಯಿಸಿ 2010ರಲ್ಲಿ ಪುನರಾರಂಭಿಸಿದ ಶಿಕ್ಷಣಯೋಜನೆಯು 2015ರಲ್ಲಿ ‘ಔಟ್‌ರೀಚಿ’ ಎಂಬ ಹೆಸರನ್ನು ತಳೆಯಿತು. ಅದರಲ್ಲಿ ಕೈಪಿಡಿಯ ರಚನೆ, ವಿನ್ಯಾಸ ಮುಂತಾದವುಗಳಿಗೂ ಸ್ಥಾನವುಂಟು. 13ರಿಂದ 17 ವಯಸ್ಸಿನವರಿಗಾಗಿ 2010ರಿಂದ 2020ರ ಆದಿಯವರೆಗೆ ನಡೆದ ‘ಗೂಗಲ್ ಕೋಡ್-ಇನ್’ ಸ್ಪರ್ಧೆಯು, ಹೆಸರಿನಲ್ಲಿ ಕೋಡಿದ್ದರೂ, ಬರಹ, ಸಂಶೋಧನೆ, ಪರೀಕ್ಷಣ ಇವುಗಳನ್ನು ಪ್ರತ್ಯೇಕ ವಿಭಾಗಗಳಾಗಿ ಮನ್ನಿಸಿತ್ತು. ಅದು ಈಗ ನಿಂತುಹೋಗಿದೆ. 2019ರಲ್ಲಿ ಬರಹಕ್ಕಾಗಿಯೇ ತೊಡಗಿದ ‘ಸೀಸನ್ ಆಫ್ ಡಾಕ್ಸ್’ 2021ರಲ್ಲಿ ಕ್ರಮವನ್ನು ಬದಲಿಸಿ, ಧನವನ್ನು ತಂತ್ರಾಂಶಸಮುದಾಯಗಳಿಗಿತ್ತು, ಲೇಖಕರನ್ನು ಅವುಗಳೇ ನಿಯಮಿಸಿಕೊಳ್ಳುವಂತೆ ಮಾಡಿತು. ಹೀಗಾದಾಗ ನುರಿತವರೇ ಆಯ್ಕೆಯಾಗುವುದು ಸಹಜ. ಕಲಿಯಬಂದವನಿಗೆ ಬಾಗಿಲು ಕಿರಿದಾಗುವುದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸಾಲದು. ‘ಕೈಪಿಡಿಯನ್ನು ಉತ್ತಮಪಡಿಸು’ ಎಂಬ ಅಪ್ಪಣೆಗೆ ಕೊನೆಯಿಲ್ಲ; ಇಂತಹ ಓದುಗನಿಗೆ ಇಂತಹ ಕಾರ್ಯವು ಸಾಧ್ಯವಾಗಬೇಕೆಂದು ಮೊದಲೇ ಎಲ್ಲೆ ಕಟ್ಟಬೇಕು. ಕೋಡನ್ನು ತಿದ್ದುವಷ್ಟೇ ನಿಷ್ಠುರವಾಗಿ ಗುರುವು ಬರಹವನ್ನೂ ತಿದ್ದಬೇಕು. ತಂತ್ರಾಂಶವು ಬದಲಾದಂತೆಲ್ಲ ಬರಹವೂ ಬದಲಾಗಬೇಕಾದುದರಿಂದ, ಅವೆರಡನ್ನೂ ಒಂದೇ ಭಂಡಾರದಲ್ಲಿಡುವುದು ಮೇಲು. ಈ ನಿಯಮಗಳನ್ನು ಪಾಲಿಸಿದಲ್ಲಿ ವ್ಯಾಖ್ಯಾನಕಾರ್ಯವು ಕೋಡಿಗೆ ಕಡಮೆಯಾದ ವಿದ್ಯೆಯೆನಿಸದು. ಓದಬಲ್ಲವರಿಗೆ ಮಾತ್ರ ತೆರೆದಿದ್ದ ತಂತ್ರಾಂಶವು ಬಳಸಬೇಕಾದವರಿಗೂ ತೆರೆಯುವುದು.