ಹಿಟ್ಲರನ ಕೈಯಲ್ಲಿ ಪೋಲೆಂಡ್: ತೆರೆಯ ಮೇಲೆ ಬಾರದ ಸಾವುಗಳು

ಚೆನ್ನೈನ ಕೋಡಂಬಾಕ್ಕಂ ಸಿನಿಮಾದ ಊರು. ಬೆಂಗಳೂರಿನ ಗಾಂಧಿನಗರ ಇನ್ನೂ ಕಣ್ಣು ಬಿಡದಿದ್ದ ಕಾಲದಲ್ಲಿ ಕನ್ನಡ ಚಿತ್ರಗಳೂ ಇಲ್ಲಿನ ಸ್ಟುಡಿಯೋ ಫ್ಲೋರುಗಳಲ್ಲೇ ತಯಾರಾಗುತ್ತಿದ್ದವು. ಮೇಕಪ್, ಸಂಕಲನ, ಡಬ್ಬಿಂಗ್ ಎಂದು ಆಗ ಬಂದು ನೆಲೆಸಿದ ಕನ್ನಡ ಮನೆಗಳು ಈಗಲೂ ಇವೆ. ಇಂಥ ಕಡೆ ಎರಡನೇ ಮಹಾಯುದ್ಧದ ಮಾತು ಬಂದರೆ ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ, 'ಶಿಂಡ್ಲರ್ಸ್ ಲಿಸ್ಟ್' ಅನ್ನುತ್ತಾರೆ, 'ದಿ ಪಿಯಾನಿಸ್ಟ್' ಅನ್ನುತ್ತಾರೆ. ಎರಡೂ ಪೋಲೆಂಡಿನಲ್ಲಿ ನಡೆದ ಕಥೆಗಳು. ಎರಡರಲ್ಲೂ ಪೋಲೆಂಡಿನ ಸಾಮಾನ್ಯ ಜನ ಬೀದಿಯ ಹಿನ್ನೆಲೆಯಲ್ಲಿ ಓಡಾಡಿ ಮರೆಯಾಗುತ್ತಾರೆ. ಚಿತ್ರಗಳ ಮೇಲೆ ನನಗೆ ತಕರಾರಿಲ್ಲ, ಅವು ಹೇಳಲು ಹೊರಟದ್ದನ್ನು ಚೆನ್ನಾಗಿಯೇ ಹೇಳಿವೆ. ಆದರೆ ಎರಡೂವರೆ, ಮೂರು ಗಂಟೆಯ ಚಿತ್ರವನ್ನೇ ಆರು ವರ್ಷಗಳ ಇತಿಹಾಸವೆಂದು ನಂಬಿದಾಗ ಕೆಲವು ತಪ್ಪುಗಳು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತವೆ.

ತಪ್ಪು ಕಲ್ಪನೆ: ಕೊಲ್ಹಾಪುರಕ್ಕೆ ಬಂದ ಪೋಲಿಷ್ ನಿರಾಶ್ರಿತರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು.

ನಮಗೆ ತೀರ ಹತ್ತಿರದ ತಪ್ಪು ಇದು. ನಿಪ್ಪಾಣಿಯಿಂದ ಗಂಟೆಯೊಳಗೆ ತಲುಪಬಹುದಾದ ಕೊಲ್ಹಾಪುರದ ಹೊರವಲಯದಲ್ಲಿ ವಳಿವಡೆ ಎಂಬ ಊರಿದೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲರು ಬಾಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರದೇ ಶಾಲೆಗಳಿದ್ದವು, ಚರ್ಚ್ ಇತ್ತು, ನಾಟಕಗಳೂ ನಡೆಯುತ್ತಿದ್ದವು. ಗುಜರಾತಿನ ಬಾಲಾಚಡಿಯಲ್ಲಿ ಜಾಮ್ ಸಾಹೇಬ ದಿಗ್ವಿಜಯಸಿಂಹಜೀ ನೂರಾರು ಅನಾಥ ಮಕ್ಕಳನ್ನು ಸಾಕಿದ್ದು ಇದರ ಜೊತೆಯ ಕಥೆ. 2024ರಲ್ಲಿ ಪ್ರಧಾನಿ ವಾರ್ಸಾಕ್ಕೆ ಹೋಗಿ ಇವೆರಡರ ಸ್ಮಾರಕಗಳಿಗೂ ನಮಿಸಿದಾಗ ಹಲವರು 'ನಾಜಿಗಳಿಂದ ಓಡಿಬಂದವರು' ಎಂದೇ ಹೇಳಿಕೊಂಡರು.

ಇವರಲ್ಲಿ ಹೆಚ್ಚಿನವರನ್ನು ಮನೆಯಿಂದ ಎಬ್ಬಿಸಿದ್ದು ಸ್ಟಾಲಿನ್‌ನ ಪೊಲೀಸರು. 1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ನುಗ್ಗಿತು. ಅದೇ ತಿಂಗಳ 17ರಂದು ಪೂರ್ವದಿಂದ ಸೋವಿಯೆತ್ ಸೇನೆ ಬಂತು. ದೇಶವನ್ನು ಹಂಚಿಕೊಳ್ಳುವ ಗುಟ್ಟಿನ ಒಪ್ಪಂದ ಆಗಸ್ಟಿನಲ್ಲೇ ಆಗಿತ್ತು. ಪೂರ್ವ ಭಾಗದ ಲಕ್ಷಾಂತರ ಜನರನ್ನು 1940ರ ಫೆಬ್ರವರಿಯಿಂದ 1941ರ ಜೂನ್‌ವರೆಗೆ ರೈಲಿಗೆ ತುಂಬಿ ಸೈಬೀರಿಯಾಕ್ಕೆ, ಕಜಾಕಸ್ತಾನಕ್ಕೆ ಸಾಗಿಸಲಾಯಿತು. ಹಿಟ್ಲರ್ ರಷ್ಯದ ಮೇಲೆ ಬಿದ್ದ ನಂತರ, 1941ರ ಜುಲೈನ ಪೋಲಿಷ್–ಸೋವಿಯೆತ್ ಒಪ್ಪಂದದಿಂದ ಅವರಿಗೆ ಬಿಡುಗಡೆ. ಬದುಕುಳಿದವರಲ್ಲಿ ಒಂದು ಪಾಲು 1942ರಲ್ಲಿ ಕಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದು, ಅಲ್ಲಿಂದ ಭಾರತಕ್ಕೆ ಇಳಿಯಿತು. ಆ ಹೊತ್ತಿಗೆ ರಷ್ಯ ಬ್ರಿಟನ್ನಿನ ಮಿತ್ರದೇಶ. ಹಾಗಾಗಿ ಈ ಜನರನ್ನು ಓಡಿಸಿದ್ದು ಯಾರು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಸ್ವತಂತ್ರ ಭಾರತಕ್ಕೂ ಮಾಸ್ಕೋ ಸ್ನೇಹ ಬೇಕಾಗಿತ್ತು.

ಇದರಿಂದ ಜರ್ಮನಿಯ ಅಪರಾಧವೇನೂ ಹಗುರವಾಗುವುದಿಲ್ಲ. ಜರ್ಮನ್ ಹಿಡಿತದಲ್ಲಿ ಸಿಕ್ಕಿಬಿದ್ದವರಿಗೆ ಇರಾನಿನ ದಾರಿಯೂ ಇರಲಿಲ್ಲ, ಕೊಲ್ಹಾಪುರದ ಆಸರೆಯೂ ಇರಲಿಲ್ಲ. ಅವರು ಇಲ್ಲಿಗೆ ಬರಲೇ ಇಲ್ಲವಾದ್ದರಿಂದ ಅವರ ಕಥೆಯೂ ನಮಗೆ ಮುಟ್ಟಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಚಿಕ್ಕ ತಪ್ಪು. ರಮಣಾಶ್ರಮದ, ಗಾಂಧೀಜಿಯ ಒಡನಾಟಕ್ಕೆ ಹೆಸರಾದ ಮಾರಿಸ್ ಫ್ರೀಡ್‌ಮನ್ ಅವರನ್ನೂ ಕೆಲವರು ಯುದ್ಧದ ನಿರಾಶ್ರಿತರೆಂದೇ ತಿಳಿದಿದ್ದಾರೆ. ವಾರ್ಸಾದ ಈ ಯಹೂದಿ ಎಂಜಿನಿಯರ್ ಯುದ್ಧಕ್ಕೆ ಮುಂಚೆಯೇ, 1930ರ ದಶಕದ ನಡುವಿನಲ್ಲಿ, ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿಯ ಕೆಲಸಕ್ಕೆ ಬಂದವರು. ಅವರೂ ವಾಂಡಾ ದಿನೋವ್‌ಸ್ಕಾ ಎಂಬ ಪೋಲಿಷ್ ಮಹಿಳೆಯೂ ಸೇರಿ 1944ರಲ್ಲಿ ಇಂಡೋ-ಪೋಲಿಷ್ ಲೈಬ್ರರಿ ಎಂಬ ಪುಸ್ತಕಮಾಲೆ ಶುರುಮಾಡಿದರು. ಅದರ ಪುಸ್ತಕಗಳು ಮದರಾಸಿನ ವಿಳಾಸ ಹೊತ್ತು ಬಂದವು. ಇಲ್ಲಿ ಪುಸ್ತಕಗಳು ಹುಟ್ಟುತ್ತಿದ್ದ ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಸಾದ ಕ್ರಶಿನ್‌ಸ್ಕಿ ಗ್ರಂಥಾಲಯದಲ್ಲಿ ಕೂಡಿಟ್ಟಿದ್ದ ಹಸ್ತಪ್ರತಿಗಳಿಗೆ ಜರ್ಮನರು ಬೇಕೆಂದೇ ಬೆಂಕಿ ಇಟ್ಟರು. ದಿನೋವ್‌ಸ್ಕಾ 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ತಪ್ಪು ಕಲ್ಪನೆ: ಕೊಂದವರು ನಾಜಿ ಪಕ್ಷದ ಎಸ್‌ಎಸ್ ಪಡೆಯವರು, ಜರ್ಮನ್ ಸೇನೆ ಯುದ್ಧವನ್ನಷ್ಟೇ ಮಾಡಿತು.

ಸಿನಿಮಾದಲ್ಲಿ ಖಳನಿಗೆ ಕರಿ ಸಮವಸ್ತ್ರ ಬೇಕು, ಆದ್ದರಿಂದ ಈ ನಂಬಿಕೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಯುದ್ಧದ ಮೊದಲ ಬೆಳಗ್ಗೆಯೇ ಜರ್ಮನ್ ವಾಯುಪಡೆ ವ್ಯೆಲೂನ್ ಎಂಬ ಪುಟ್ಟ ಪಟ್ಟಣದ ಮೇಲೆ ಬಾಂಬು ಸುರಿಯಿತು, ಆಸ್ಪತ್ರೆಯೂ ಉಳಿಯಲಿಲ್ಲ. ನಾಲ್ಕನೆಯ ದಿನ ಯಾತ್ರಾಸ್ಥಳವಾದ ಚೆನ್ಸ್ತೊಹೋವಾದಲ್ಲಿ ಮಾಮೂಲು ಸೈನಿಕರೇ ನಾಗರಿಕರನ್ನು ಬೀದಿಗೆ ಎಳೆದು ಗುಂಡಿಟ್ಟರು. ಅಕ್ಟೋಬರ್ 25ರವರೆಗೆ ಆಡಳಿತ ಸೇನೆಯ ಕೈಯಲ್ಲೇ ಇತ್ತು. ಆ ಎಂಟು ವಾರಗಳಲ್ಲಿ ಸೇನೆ ಮತ್ತು ಪೊಲೀಸ್ ತುಕಡಿಗಳು ಸೇರಿ 700ಕ್ಕೂ ಹೆಚ್ಚು ಕಡೆ ಸಾಮೂಹಿಕವಾಗಿ ಗುಂಡಿಟ್ಟು 16,000ಕ್ಕೂ ಹೆಚ್ಚು ಜನರನ್ನು ಕೊಂದವು.

ತಪ್ಪು ಕಲ್ಪನೆ: ಪೋಲರು ಬಂದೂಕು ಹಿಡಿದರು, ಅದಕ್ಕೆ ಪ್ರತೀಕಾರವಾಗಿ ಸತ್ತರು.

ಪ್ರತೀಕಾರದ ಕೊಲೆಗಳೂ ನಡೆದವು, ಒಬ್ಬ ಜರ್ಮನನಿಗೆ ಹತ್ತಾರು ತಲೆಗಳ ಲೆಕ್ಕದಲ್ಲಿ. ಆದರೆ ಬಂದೂಕು ಹಿಡಿಯುವುದಕ್ಕೂ ಮುಂಚೆಯೇ ಪಟ್ಟಿ ಸಿದ್ಧವಾಗಿತ್ತು. ಯುದ್ಧ ಆರಂಭವಾಗುವ ಮೊದಲೇ ಜರ್ಮನ್ ಪೊಲೀಸರು ಸುಮಾರು 61,000 ಪೋಲರ ಹೆಸರಿನ ಒಂದು ಪುಸ್ತಕ ಅಚ್ಚು ಹಾಕಿಸಿದ್ದರು. ಅದರಲ್ಲಿದ್ದವರು ಶಿಕ್ಷಕರು, ಪಾದ್ರಿಗಳು, ವಕೀಲರು, ಹೋರಾಟಗಾರರು, ಜನಪ್ರತಿನಿಧಿಗಳು. ಒಂದು ಜನಾಂಗಕ್ಕೆ ದಾರಿ ತೋರಿಸಬಲ್ಲವರನ್ನೆಲ್ಲ ಮೊದಲು ತೆಗೆದರೆ ಉಳಿದವರು ಕೂಲಿಗಳಾಗಿ ಬಿದ್ದಿರುತ್ತಾರೆ ಎಂಬುದು ಲೆಕ್ಕಾಚಾರ.

ಬಾಲ್ಟಿಕ್ ಕರಾವಳಿಯ ಬಳಿಯ ಪ್ಯಾಶ್ನಿತ್ಸಾ ಕಾಡಿನಲ್ಲಿ ಹೀಗೆ ಕೊಲೆಯಾದವರು 12,000 ದಾಟುತ್ತಾರೆ. 1939ರ ನವೆಂಬರ್ 6ರಂದು ಕ್ರಾಕೂವ್‌ನ ಯಾಗಿಯೆಲ್ಲೋನಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನು ಒಂದು ಉಪನ್ಯಾಸಕ್ಕೆಂದು ಕರೆಸಿ, ಕೂತಲ್ಲೇ 183 ಮಂದಿಯನ್ನು ಬಂಧಿಸಿದರು. ಮೇಷ್ಟರುಗಳನ್ನು ಸಭೆಗೆ ಕರೆದು ಲಾರಿ ಹತ್ತಿಸಿದ ಈ ಒಂದು ಸಂಗತಿ ಸಾಕು, ಉದ್ದೇಶ ಏನಿತ್ತೆಂದು ತಿಳಿಯಲು. ವಾರ್ಸಾ ಪಕ್ಕದ ಪಾಲ್ಮೀರಿ ಕಾಡಿನಲ್ಲಿ ಸುಮಾರು 1,700 ಮಂದಿ ಸತ್ತರು. 1940ರ ಜೂನ್‌ನಲ್ಲಿ ಅಲ್ಲಿ ಗುಂಡು ತಿಂದವರಲ್ಲಿ ಸಂಸತ್ತಿನ ಮಾಜಿ ಸಭಾಧ್ಯಕ್ಷ ಮಾಚೇಯ್ ರತಾಯ್ ಇದ್ದರು. 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಯಾನುಷ್ ಕುಸೊಚಿನ್‌ಸ್ಕಿ ಕೂಡ ಇದ್ದರು.

ಉಳಿದ ಮಕ್ಕಳಿಗೆ ಏನು ಕಲಿಸಬೇಕೆಂದು ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ 1940ರ ಮೇ ತಿಂಗಳ ಟಿಪ್ಪಣಿಯೊಂದರಲ್ಲಿ ಬರೆದಿಟ್ಟ: ಐನೂರರವರೆಗೆ ಎಣಿಕೆ, ತಮ್ಮ ಹೆಸರು ಬರೆಯುವುದು, ಜರ್ಮನರಿಗೆ ತಗ್ಗಿ ನಡೆಯುವುದು. ಓದುವುದು ಬೇಡ ಎಂದೇ ಅವನ ಅಭಿಪ್ರಾಯ. ವಿಶ್ವವಿದ್ಯಾಲಯಗಳು ಮುಚ್ಚಿದವು. ಪೋಲರು ಮನೆಗಳ ಒಳಕೋಣೆಗಳಲ್ಲಿ ಗುಟ್ಟಾಗಿ ತರಗತಿ ನಡೆಸಿ ಪದವಿಗಳನ್ನೂ ಕೊಟ್ಟರು.

ತಪ್ಪು ಕಲ್ಪನೆ: ಆಶ್‌ವಿಟ್ಜ್ ಮೊದಲಿನಿಂದಲೂ ಯಹೂದಿಗಳಿಗಾಗಿ ಕಟ್ಟಿದ ಶಿಬಿರ, ಅದನ್ನು ನಡೆಸುವುದರಲ್ಲಿ ಪೋಲೆಂಡಿನ ಪಾಲೂ ಇತ್ತು.

1940ರ ಜೂನ್ 14ರಂದು ತಾರ್ನೂವ್ ಪಟ್ಟಣದಿಂದ ಅಲ್ಲಿಗೆ ಬಂದಿಳಿದ ಮೊದಲ 728 ರಾಜಕೀಯ ಕೈದಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಪೋಲರು, ಬಹಳ ಮಂದಿ ಎಳೆಯ ಹುಡುಗರು. ಮುಂದೆ ಒಟ್ಟು ಸುಮಾರು 1,40,000 ಪೋಲರನ್ನು ಅಲ್ಲಿಗೆ ತಂದರು, ಅರ್ಧದಷ್ಟು ಜನ ಉಳಿಯಲಿಲ್ಲ. 1942ರಿಂದ ಅದು ಯಹೂದಿಗಳನ್ನು ಅನಿಲದಿಂದ ಕೊಲ್ಲುವ ಕೇಂದ್ರವಾಯಿತು. ಅಲ್ಲಿ ಸತ್ತ ಸುಮಾರು 11 ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳೇ. ನಡೆಸಿದ ಸರ್ಕಾರದ ಮಾತಿಗೆ ಬಂದರೆ, ಆಶ್‌ವಿಟ್ಜ್ ಇದ್ದ ಪ್ರದೇಶವನ್ನು ಜರ್ಮನಿ ತನ್ನೊಳಗೇ ಸೇರಿಸಿಕೊಂಡಿತ್ತು. ಮಧ್ಯ ಪೋಲೆಂಡನ್ನು ಹಿಟ್ಲರ್ ನೇಮಿಸಿದ ಹಾನ್ಸ್ ಫ್ರಾಂಕ್ ಕ್ರಾಕೂವ್‌ನ ಹಳೆಯ ಅರಮನೆಯಲ್ಲಿ ಕೂತು ಆಳುತ್ತಿದ್ದ. ಪೋಲೆಂಡಿನ ಸರ್ಕಾರ ಲಂಡನ್ನಿನಲ್ಲಿತ್ತು. 2012ರಲ್ಲಿ ಬರಾಕ್ ಒಬಾಮ ಭಾಷಣದಲ್ಲಿ 'ಪೋಲಿಷ್ ಶಿಬಿರ' ಎಂದುಬಿಟ್ಟು, ಆಮೇಲೆ ವಿಷಾದ ಹೇಳಬೇಕಾಯಿತು.

ತಪ್ಪು ಕಲ್ಪನೆ: ಯಹೂದಿಗಳ ನೋವಿನ ಮುಂದೆ ಪೋಲರದು ಲೆಕ್ಕಕ್ಕಿಲ್ಲ. ಅಥವಾ ಇದರ ತಿರುಗುಮುರುಗು: ಇಬ್ಬರದೂ ಒಂದೇ.

ಎರಡೂ ಸರಿಯಲ್ಲ. ಪೋಲೆಂಡಿನ 33 ಲಕ್ಷ ಯಹೂದಿಗಳಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಹಸುಗೂಸನ್ನೂ ಬಿಡದೆ ಎಲ್ಲರನ್ನೂ ಮುಗಿಸುವುದು ಅಲ್ಲಿನ ಗುರಿ. ಯಹೂದಿಯೇತರ ಪೋಲರಲ್ಲಿ ಸತ್ತ ನಾಗರಿಕರು 18–19 ಲಕ್ಷ ಎಂಬ ಅಂದಾಜಿದೆ. ಅವರ ವಿಷಯದಲ್ಲಿ ಗುರಿ ಬೇರೆ: ಮುಂದಾಳುಗಳನ್ನು ಕೊಲ್ಲು, ನೆಲ ಕಿತ್ತುಕೋ, ಉಳಿದವರನ್ನು ದುಡಿಸಿ ಸವೆಸು. ಹದಿನೈದು ಲಕ್ಷಕ್ಕೂ ಹೆಚ್ಚು ಪೋಲರನ್ನು ಜರ್ಮನಿಗೆ ಬಲವಂತದ ದುಡಿಮೆಗೆ ಸಾಗಿಸಿ, ಅಂಗಿಯ ಮೇಲೆ 'ಪಿ' ಅಕ್ಷರದ ಬಟ್ಟೆ ಹೊಲಿಸಿದರು. ಜಮೋಷ್ಚ್ ಸೀಮೆಯಲ್ಲಿ 1942ರ ನವೆಂಬರಿನಿಂದ 1943ರ ಆಗಸ್ಟ್‌ವರೆಗೆ ಸುಮಾರು 300 ಹಳ್ಳಿ ಖಾಲಿ ಮಾಡಿಸಿ 1,10,000 ಜನರನ್ನು ಹೊರಹಾಕಿದರು. ಅವರಲ್ಲಿ 30,000 ಮಕ್ಕಳು. ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಮಕ್ಕಳನ್ನು ಆರಿಸಿ, ಹೆಸರು ಬದಲಿಸಿ ಜರ್ಮನ್ ಮನೆಗಳಿಗೆ ಕೊಟ್ಟರು. ಎಷ್ಟೋ ಮಕ್ಕಳು ತಾವು ಯಾರೆಂಬುದನ್ನೇ ತಿಳಿಯದೆ ಬೆಳೆದರು.

ಪೋಲರು ಯಹೂದಿಗಳ ವಿಷಯದಲ್ಲಿ ಹೇಗೆ ನಡೆದುಕೊಂಡರು ಎಂಬುದಕ್ಕೂ ಒಂದೇ ಉತ್ತರ ಇಲ್ಲ. ಯಹೂದಿಗೆ ಆಶ್ರಯ ಕೊಟ್ಟರೆ ಮರಣದಂಡನೆ ಎಂದು 1941ರ ಅಕ್ಟೋಬರಿನಲ್ಲಿ ಫ್ರಾಂಕ್ ಆಜ್ಞೆ ಹೊರಡಿಸಿದ. ಮಾರ್ಕೋವಾ ಎಂಬ ಹಳ್ಳಿಯ ರೈತ ಯೂಜೆಫ್ ಊಲ್ಮಾ, ತುಂಬು ಬಸುರಿ ಹೆಂಡತಿ ವಿಕ್ತೋರಿಯಾ, ಆರು ಮಕ್ಕಳು, ಅವರು ಅಡಗಿಸಿಟ್ಟಿದ್ದ ಎಂಟು ಯಹೂದಿಗಳು, ಎಲ್ಲರನ್ನೂ 1944ರ ಮಾರ್ಚ್ 24ರಂದು ಕೊಂದರು. ಅದೇ ದೇಶದ ಯೆದ್ವಾಬ್ನೆಯಲ್ಲಿ 1941ರ ಜುಲೈ 10ರಂದು ಪೋಲರೇ ತಮ್ಮ ಯಹೂದಿ ನೆರೆಯವರನ್ನು ಕೊಟ್ಟಿಗೆಗೆ ಕೂಡಿ ಸುಟ್ಟರು. ಸತ್ತವರು ಕನಿಷ್ಠ 340. ಊಲ್ಮಾ ಮನೆಯವರನ್ನು ನೆನೆದು ಯೆದ್ವಾಬ್ನೆಯನ್ನು ಮರೆಯುವವರೂ ಇದ್ದಾರೆ, ಅದಕ್ಕೆ ತದ್ವಿರುದ್ಧವಾಗಿ ಮಾಡುವವರೂ ಇದ್ದಾರೆ. ಪೋಲೆಂಡಿನ ರಾಜಕೀಯದಲ್ಲಿ ಇದು ಇವತ್ತಿಗೂ ಕಾವು ಆರದ ಜಗಳ.

ತಪ್ಪು ಕಲ್ಪನೆ: ಕತೀನ್ ಹತ್ಯಾಕಾಂಡ ಕೂಡ ಹಿಟ್ಲರನದೇ ಕೆಲಸ.

ಅಲ್ಲ. 1940ರ ವಸಂತದಲ್ಲಿ ಸುಮಾರು 22,000 ಪೋಲಿಷ್ ಅಧಿಕಾರಿಗಳು ಮತ್ತಿತರರನ್ನು ಕೊಂದಿದ್ದು ಸೋವಿಯೆತ್ ಪೊಲೀಸ್. ಯುದ್ಧಾನಂತರದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅದನ್ನು ಜರ್ಮನರ ತಲೆಗೆ ಕಟ್ಟಲು ನೋಡಿದ ಮಾಸ್ಕೋ 1990ರಲ್ಲಿ ಒಪ್ಪಿಕೊಂಡಿತು. ಸತ್ತವರಲ್ಲಿ ಚಿತ್ರನಿರ್ದೇಶಕ ಆಂಜೆಯ್ ವಾಯ್ದಾ ಅವರ ತಂದೆಯೂ ಒಬ್ಬರು. ಮಗ 2007ರಲ್ಲಿ 'ಕತೀನ್' ಚಿತ್ರ ಮಾಡಿದರು.

ತಪ್ಪು ಕಲ್ಪನೆ: ವಾರ್ಸಾದಲ್ಲಿ ಒಂದು ದಂಗೆ ನಡೆಯಿತು.

ಎರಡು ನಡೆದವು. ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದ ದಂಗೆ ಶುರುವಾದದ್ದು 1943ರ ಏಪ್ರಿಲ್ 19ಕ್ಕೆ. ಇಡೀ ನಗರ ಎದ್ದದ್ದು 1944ರ ಆಗಸ್ಟ್ 1ಕ್ಕೆ. 'ದಿ ಪಿಯಾನಿಸ್ಟ್' ಚಿತ್ರದ ನಾಯಕ ಎರಡನ್ನೂ ಕಿಟಕಿಯಿಂದ ನೋಡುತ್ತಾನೆ. ನೋಡುವವರಿಗೆ ಎರಡೂ ಕಲಸಿಹೋಗುವುದು ಅಲ್ಲೇ.

ಎರಡನೆಯದರ ಮೊದಲ ದಿನಗಳಲ್ಲಿ, ನಗರದ ವೋಲಾ ಬಡಾವಣೆಯಲ್ಲಿ ನಡೆದದ್ದಕ್ಕೆ ಕಾದಾಟ ಎಂಬ ಹೆಸರು ಒಪ್ಪುವುದಿಲ್ಲ. ಎದ್ದವರು, ಏಳದವರು ಎಂಬ ಭೇದವಿಲ್ಲದೆ ನಗರವಾಸಿಗಳನ್ನು ಕೊಲ್ಲಲು ಮೇಲಿನಿಂದ ಅಪ್ಪಣೆಯಿತ್ತು. ಆಗಸ್ಟ್ 5ರಿಂದ ಮನೆಮನೆಯಿಂದ ಜನರನ್ನು ಇಳಿಸಿ, ಕಾರ್ಖಾನೆಗಳ ಅಂಗಳದಲ್ಲಿ, ರೈಲು ದಂಡೆಯ ಬಳಿ ಸಾಲಾಗಿ ಕೊಂದರು. ಆಸ್ಪತ್ರೆಗಳಿಗೆ ಹೊಕ್ಕು ರೋಗಿಗಳನ್ನೂ ವೈದ್ಯರನ್ನೂ ಕೊಂದರು. ಒಂದು ವಾರದಲ್ಲಿ ಸತ್ತವರು 40,000ದಿಂದ 50,000. ಅಕ್ಟೋಬರ್ 2ರ ಶರಣಾಗತಿಯ ಹೊತ್ತಿಗೆ ನಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು. ಆಮೇಲೆ ಖಾಲಿ ನಗರವನ್ನು ಬೀದಿ ಬೀದಿಯಾಗಿ, ಮನೆ ಮನೆಯಾಗಿ ಸಿಡಿಸಿದರು.

ತಪ್ಪು ಕಲ್ಪನೆ: ನ್ಯೂರೆಂಬರ್ಗ್‌ನಲ್ಲಿ ಎಲ್ಲರಿಗೂ ಶಿಕ್ಷೆಯಾಯಿತು.

ಹಾನ್ಸ್ ಫ್ರಾಂಕ್‌ನನ್ನು 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿಸಿದ್ದು ನಿಜ. 'ಶಿಂಡ್ಲರ್ಸ್ ಲಿಸ್ಟ್'ನ ಖಳ ಆಮೋನ್ ಗೋತ್, ಆಶ್‌ವಿಟ್ಜ್ ನಡೆಸಿದ ರುಡಾಲ್ಫ್ ಹೋಸ್ ಇವರನ್ನೆಲ್ಲ ವಿಚಾರಿಸಿ ಗಲ್ಲಿಗೆ ಹಾಕಿದ್ದು ಪೋಲೆಂಡಿನ ನ್ಯಾಯಾಲಯವೇ. ಕೈಗೆ ಸಿಕ್ಕದವರ ಕಥೆ ಬೇರೆ. ವೋಲಾದಲ್ಲಿ ಕೊಂದ ಪಡೆಗಳ ನಾಯಕ ಹೈನ್ಸ್ ರೈನೆಫಾರ್ಟ್‌ನನ್ನು ಒಪ್ಪಿಸಿ ಎಂದು ಪೋಲೆಂಡ್ ಕೇಳಿದರೂ ಪಾಶ್ಚಾತ್ಯ ದೇಶಗಳು ಒಪ್ಪಿಸಲಿಲ್ಲ. 1951ರಲ್ಲಿ ಅವನು ಉತ್ತರ ಜರ್ಮನಿಯ ಸಿಲ್ಟ್ ದ್ವೀಪದ ವೆಸ್ಟರ್‌ಲಾಂಡ್ ಪಟ್ಟಣದ ಮೇಯರ್ ಆದ, ಮುಂದೆ ಪ್ರಾಂತ್ಯದ ಶಾಸಕನೂ ಆದ. ಒಂದು ದಿನದ ಶಿಕ್ಷೆಯನ್ನೂ ಅನುಭವಿಸದೆ 1979ರಲ್ಲಿ ಸತ್ತ. 2014ರಲ್ಲಿ, ದಂಗೆಯ 70ನೇ ವರ್ಷಕ್ಕೆ, ವೆಸ್ಟರ್‌ಲಾಂಡ್‌ನ ಜನ ತಮ್ಮ ಪುರಭವನಕ್ಕೆ ಒಂದು ಫಲಕ ಹಾಕಿ, ದಂಗೆಯ ವೇಳೆಯ ಕೊಲೆಗಳಿಗೆ ಹೊಣೆಯಾದವರಲ್ಲಿ ಒಬ್ಬ ತಮ್ಮ ಮೇಯರ್ ಆಗಿದ್ದನೆಂದು ಬರೆಸಿದರು.