ದಾರಿಯ ಲೆಕ್ಕಕ್ಕೂ ವೋಚರ್ ಬೇಕು: ರೂಟರುಗಳ ಮಾಹಿತಿ ವಿನಿಮಯ ಮತ್ತು ನಮ್ಮ ವ್ಯವಹಾರ

ಜಿ.ಎಸ್.ಟಿ. ವಿವರಪಟ್ಟಿ, ಇ-ವೇ ಬಿಲ್, ಬ್ಯಾಂಕ್ ಪಾವತಿ, ಗಿರಾಕಿಗಳ ಆರ್ಡರ್ ಹೀಗೆ ವರ್ತಕರ ಬಹುತೇಕ ಕೆಲಸಗಳು ಇಂದು ಅಂತರಜಾಲವನ್ನೇ ಅವಲಂಬಿಸಿವೆ. ಸಂಪರ್ಕ ನಿಂತಾಗ ಕೇಬಲ್ ತುಂಡಾಗಿರಬೇಕು ಎಂದು ನಾವು ಭಾವಿಸುವುದು ಸಹಜ. ಆದರೆ ಕೇಬಲ್, ವಿದ್ಯುತ್ ಎರಡೂ ಸರಿಯಿದ್ದು, ದಾರಿಯ ಮಾಹಿತಿಯಷ್ಟೇ ತಪ್ಪಿದರೂ ವ್ಯವಹಾರ ಸ್ಥಗಿತಗೊಳ್ಳುತ್ತದೆ. ಈ ಮಾಹಿತಿ ಹಂಚಿಕೆಯಾಗುವ ಬಗೆಯನ್ನೂ ಅದರ ದೌರ್ಬಲ್ಯವನ್ನೂ ಸದಸ್ಯರು ತಿಳಿದಿರುವುದು ಒಳಿತು.

ರೂಟರಿನ ಕೆಲಸ

ನಾವು ಕಳುಹಿಸುವ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ತಲುಪಬೇಕಾದ ವಿಳಾಸವಿರುತ್ತದೆ. ನಡುವಿನ ಪ್ರತಿ ರೂಟರ್ ತನ್ನ ಮಾರ್ಗಪಟ್ಟಿಯನ್ನು ನೋಡಿ, ಪೊಟ್ಟಣವನ್ನು ಮುಂದಿನ ರೂಟರಿಗೆ ಒಪ್ಪಿಸುತ್ತದೆ. ಟ್ರಾನ್ಸ್‌ಪೋರ್ಟ್ ಕಚೇರಿಯ ಗುಮಾಸ್ತನು ಪಾರ್ಸಲನ್ನು ಮುಂದಿನ ಗೋದಾಮಿಗೆ ಹೋಗುವ ಲಾರಿಗೆ ಹಾಕುವಂತೆಯೇ ಇದು. ಪೂರ್ಣ ಪ್ರಯಾಣದ ಹೊಣೆ ಯಾವ ಒಬ್ಬರದೂ ಅಲ್ಲ.

ಈ ಮಾರ್ಗಪಟ್ಟಿಯನ್ನು ರೂಟರುಗಳು ಪರಸ್ಪರ ಮಾಹಿತಿ ವಿನಿಮಯದಿಂದ ರಚಿಸಿಕೊಳ್ಳುತ್ತವೆ. ಒಂದೇ ಸಂಸ್ಥೆಯ ಜಾಲದೊಳಗೆ ಇದಕ್ಕೆ ಹಲವು ಪದ್ಧತಿಗಳುಂಟು. ಹಳೆಯದಾದ 'ರಿಪ್' ಪದ್ಧತಿಯಲ್ಲಿ ಪ್ರತಿ ರೂಟರ್ 30 ಸೆಕೆಂಡಿಗೊಮ್ಮೆ ತನ್ನ ಪಟ್ಟಿಯನ್ನು ನೆರೆಯ ರೂಟರುಗಳಿಗೆ ತಿಳಿಸುತ್ತದೆ. 15 ಹಂತಗಳಾಚೆಯ ಸ್ಥಳವನ್ನು ತಲುಪಲಾಗದ್ದೆಂದು ಪರಿಗಣಿಸುತ್ತದೆ. 'ಓ.ಎಸ್.ಪಿ.ಎಫ್.' ಪದ್ಧತಿಯಲ್ಲಿ ಪ್ರತಿ ರೂಟರ್ ತನ್ನ ಕೊಂಡಿಗಳ ಸ್ಥಿತಿಯನ್ನು ಎಲ್ಲರಿಗೂ ಸಾರುತ್ತದೆ. ಅದರಿಂದ ಪ್ರತಿಯೊಂದೂ ಜಾಲದ ಪೂರ್ಣ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳುತ್ತದೆ.

ಸಂಸ್ಥೆ ಸಂಸ್ಥೆಗಳ ನಡುವಿನ ವಿನಿಮಯಕ್ಕೆ ಬಳಕೆಯಲ್ಲಿರುವುದು 1989ರಲ್ಲಿ ರೂಪುಗೊಂಡ 'ಬಿ.ಜಿ.ಪಿ.' ಪದ್ಧತಿ. ಇದರಲ್ಲಿ ಪ್ರತಿ ಜಾಲಕ್ಕೂ ಒಂದು ಸಂಖ್ಯೆ ಇರುತ್ತದೆ. "ಈ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ" ಎಂದು ಒಂದು ಜಾಲ ಘೋಷಿಸಿದರೆ, ನೆರೆಯ ಜಾಲವು ತನ್ನ ಸಂಖ್ಯೆಯನ್ನು ಸೇರಿಸಿ ಅದನ್ನು ಮುಂದಕ್ಕೆ ದಾಟಿಸುತ್ತದೆ. ಘೋಷಿಸಿದವನಿಗೆ ಆ ವಿಳಾಸಗಳ ಮೇಲೆ ಹಕ್ಕಿದೆಯೇ ಎಂದು ಪರಿಶೀಲಿಸುವ ಏರ್ಪಾಡು ಮೂಲ ಪದ್ಧತಿಯಲ್ಲಿ ಇರಲಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ವೋಚರ್ ಇಲ್ಲದೆ ಬಾಯಿಮಾತಿನ ಮೇಲೆ ಖಾತೆಗೆ ಹಾಕಿದ ನಮೂದು.

ಎರಡು ನಿದರ್ಶನಗಳು

2008ರ ಫೆಬ್ರವರಿ 24ರಂದು ಪಾಕಿಸ್ತಾನದಲ್ಲಿ ಯೂಟ್ಯೂಬನ್ನು ತಡೆಯಬೇಕೆಂಬ ಸರ್ಕಾರಿ ಆದೇಶವಿತ್ತು. ಅದನ್ನು ಪಾಲಿಸಲು ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬಿನ 256 ವಿಳಾಸಗಳ ಒಂದು ಗುಂಪನ್ನು ತನ್ನದೆಂಬಂತೆ ಘೋಷಿಸಿತು. ದೇಶದೊಳಗೇ ಉಳಿಯಬೇಕಿದ್ದ ಈ ಘೋಷಣೆಯು ಹಾಂಗ್‌ಕಾಂಗಿನ ಪಿ.ಸಿ.ಸಿ.ಡಬ್ಲ್ಯು. ಸಂಸ್ಥೆಯ ಮೂಲಕ ಜಗತ್ತಿಗೆ ಹಬ್ಬಿತು. ಯೂಟ್ಯೂಬ್ ಘೋಷಿಸಿದ್ದುದು 1,024 ವಿಳಾಸಗಳ ದೊಡ್ಡ ಗುಂಪು. ಹೆಚ್ಚು ನಿರ್ದಿಷ್ಟವಾದ ಚಿಕ್ಕ ಗುಂಪಿಗೇ ಆದ್ಯತೆ ನೀಡುವುದು ರೂಟರುಗಳ ನಿಯಮವಾದ್ದರಿಂದ, ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ದೊರೆಯಲಿಲ್ಲ.

2021ರ ಅಕ್ಟೋಬರ್ 4ರದು ಬೇರೆ ಬಗೆಯ ಘಟನೆ. ಫೇಸ್‌ಬುಕ್ ಸಂಸ್ಥೆಯ ನಿರ್ವಹಣಾ ಕಾರ್ಯದಲ್ಲಿ ನೀಡಿದ ಒಂದು ಆಜ್ಞೆಯಿಂದ ಅದರ ಆಂತರಿಕ ಜಾಲ ಕಡಿದುಹೋಯಿತು. ಅದರ ಹೆಸರು-ವಿಳಾಸ ತಿಳಿಸುವ ಸರ್ವರುಗಳ ದಾರಿಯ ಘೋಷಣೆಗಳು ಹಿಂಪಡೆಯಲ್ಪಟ್ಟವು. ಭಾರತೀಯ ಕಾಲಮಾನ ರಾತ್ರಿ 9 ಗಂಟೆಯ ನಂತರ ಸುಮಾರು ಆರು ಗಂಟೆಗಳ ಕಾಲ ವಾಟ್ಸಾಪ್ ಕೂಡ ಮೌನವಾಯಿತು. ಹಗಲಿನ ವಹಿವಾಟಿನ ವೇಳೆ ಹೀಗಾಗಿದ್ದರೆ, ಆರ್ಡರುಗಳಿಗೆ ವಾಟ್ಸಾಪನ್ನೇ ನಂಬಿದ ನಮ್ಮ ವರ್ತಕರಿಗೆ ಒದಗುತ್ತಿದ್ದ ನಷ್ಟವನ್ನು ಊಹಿಸಬಹುದು.

ಪರಿಹಾರದ ದಾರಿ

ಮೊದಲ ಬಗೆಯ ದೋಷಕ್ಕೆ 'ಆರ್.ಪಿ.ಕೆ.ಐ.' ಎಂಬ ವ್ಯವಸ್ಥೆ ಬಂದಿದೆ. ವಿಳಾಸಗಳ ಹಕ್ಕುದಾರನು, ಅವುಗಳನ್ನು ಯಾವ ಜಾಲ ಘೋಷಿಸಬಹುದೆಂಬ ಡಿಜಿಟಲ್ ಸಹಿಯುಳ್ಳ ದಾಖಲೆಯನ್ನು ನೋಂದಾಯಿಸುತ್ತಾನೆ. ಅದಕ್ಕೆ ತಾಳೆಯಾಗದ ಘೋಷಣೆಯನ್ನು ಇತರರು ತಿರಸ್ಕರಿಸಬಹುದು. ವೋಚರ್ ಎಂದರೆ ಇದೇ. ಆದರೆ ಇದು ಮೂಲ ಘೋಷಕನನ್ನು ಮಾತ್ರ ದೃಢೀಕರಿಸುತ್ತದೆ. ನಡುವಿನ ಇಡೀ ಮಾರ್ಗಕ್ಕೆ ಖಾತರಿ ನೀಡುವುದಿಲ್ಲ. ಎರಡನೆಯ ಬಗೆಯ ದೋಷವನ್ನು ಇದು ತಡೆಯದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಅಂಗಡಿ ಅಥವಾ ಕಾರ್ಖಾನೆಯ ರೂಟರ್ ಸಾಮಾನ್ಯವಾಗಿ ಎಲ್ಲವನ್ನೂ ಸೇವಾದಾರನಿಗೆ ಒಪ್ಪಿಸುತ್ತದೆಯೇ ಹೊರತು ಬಿ.ಜಿ.ಪಿ. ನಡೆಸುವುದಿಲ್ಲ. ಆದ್ದರಿಂದ ಆರ್.ಪಿ.ಕೆ.ಐ. ಪರಿಶೀಲನೆ ಇದೆಯೇ ಎಂದು ಸೇವಾದಾರನನ್ನು ಲಿಖಿತವಾಗಿ ಕೇಳಿರಿ.

2. ಎರಡು ಸಂಪರ್ಕಗಳಿದ್ದರೂ ಎರಡೂ ಒಂದೇ ದೊಡ್ಡ ಸಂಸ್ಥೆಯ ಜಾಲದ ಮೂಲಕವೇ ಹೊರಹೋಗುತ್ತಿದ್ದರೆ ರಕ್ಷಣೆ ಅಪೂರ್ಣ. ಎರಡನೆಯದನ್ನು ಪಡೆಯುವ ಮುನ್ನ ಇದನ್ನು ವಿಚಾರಿಸಿರಿ.

3. ಮುಖ್ಯ ಗಿರಾಕಿಗಳ, ಸಾಗಣೆದಾರರ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೂ ಇರಿಸಿರಿ. ಆರ್ಡರ್ ಸ್ವೀಕರಿಸಲು ಒಂದಕ್ಕಿಂತ ಹೆಚ್ಚು ಮಾರ್ಗವಿರಲಿ.

4. ತಿಂಗಳಿಗೊಮ್ಮೆ ಸಲ್ಲಿಸುವ ಜಿ.ಎಸ್.ಟಿ.ಆರ್.-3ಬಿ ವಿವರಪಟ್ಟಿಗೆ ಮುಂದಿನ ತಿಂಗಳ 20 ಕೊನೆಯ ದಿನ. ನಮ್ಮ ಸಂಪರ್ಕ ಕಡಿದಿತ್ತೆಂಬ ಕಾರಣಕ್ಕೆ ವಿಳಂಬ ಶುಲ್ಕ ತಾನಾಗಿ ಮನ್ನಾ ಆಗುವುದಿಲ್ಲ. ಎರಡು ಮೂರು ದಿನ ಮುಂಚಿತವಾಗಿ ಸಲ್ಲಿಸುವುದೇ ಅತಿ ಅಗ್ಗದ ವಿಮೆ.

ಲೆಕ್ಕಪುಸ್ತಕದಲ್ಲಿ ಆಧಾರವಿಲ್ಲದ ನಮೂದನ್ನು ನಾವು ಒಪ್ಪುವುದಿಲ್ಲ. ನಮ್ಮ ವ್ಯವಹಾರವನ್ನು ಹೊತ್ತೊಯ್ಯುವ ದಾರಿಗಳ ವಿಷಯದಲ್ಲೂ ಸೇವಾದಾರರಿಂದ ಅದೇ ಶಿಸ್ತನ್ನು ಕೇಳಿ ಪಡೆಯಬೇಕು.